ವೈಸಿಗೆ ಕೊಟ್ಟ ಮೂರು ಸುತ್ತು

ಮಾರ್ಚ್ ೪, ಸೋಮವಾರ

ಬ್ಯಾಟರಿ ಕಂಪನಿಯವರು ಕೊಟ್ಟ ಈ ಡೈರಿಯಲ್ಲಿ ಕಾರಿನ ನಂಬರು, ಆಯಿಲ್ ಬದಲಾಯಿಸಿದ ತಾರೀಕು ಬಿಟ್ಟು ಬೇರೇನೂ ಬರೆದವನಲ್ಲ. ಇವತ್ತು ಬರೆಯಬೇಕಾಗಿದೆ. ಬಾಯಿಬಿಟ್ಟು ಹೇಳುವ ಮಾತಲ್ಲ. ಹೇಳದೆ ಇಟ್ಟುಕೊಳ್ಳುವ ಮಾತೂ ಅಲ್ಲ. ನಮ್ಮಜ್ಜಿ ಕಥೆ ಹೇಳುವಾಗ ಎದುರಿಗೆ ಕೂತವರು ಹೂಂಗುಟ್ಟದಿದ್ದರೆ ಅಲ್ಲಿಗೇ ಕಥೆ ನಿಲ್ಲಿಸಿ ಗೊರಕೆ ಹೊಡೆಯುತ್ತಿದ್ದಳು. ಈ ಪುಸ್ತಕ ಹೂಂ ಅನ್ನುವುದಿಲ್ಲ. ಸದ್ಯಕ್ಕೆ ನನಗೆ ಬೇಕಾದದ್ದೂ ಅದೇ.

ನರ್ಸಮ್ಮನ ಕಾರು ಟೈಮಿಂಗ್ ಬೆಲ್ಟ್ ಬದಲಾಯಿಸಲು ಬಂದಿದೆ. ಅವರು ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಕಟ್ಟು ಬದಲಾಯಿಸುವವರು. ಕಾರು ನಿಂತರೆ ಅವರ ಕೆಲಸ ಕುಂಟುತ್ತದೆ. ಈ ಎಂಜಿನ್ನನ್ನು ನಾನು ಬಾಮೈದನ ಕೈಗೆ ಕೊಟ್ಟಿದ್ದೆ. ನನ್ನ ಹೆಂಡತಿಗೆ ಒಬ್ಬನೇ ತಮ್ಮ. ಮೂವತ್ತೆಂಟು ವಯಸ್ಸು. ಹೊಲಿಗೆ ಅಂಗಡಿ ಇಟ್ಟು ಮುಚ್ಚಿದ, ಬೇಕರಿಯಲ್ಲಿ ನಿಂತು ಬಿಟ್ಟ, ಆಮೇಲೆ ನನ್ನ ವರ್ಕ್‌ಶಾಪಿಗೆ ಬಂದು ಹನ್ನೊಂದು ವರ್ಷ ಚಕ್ರ, ಬ್ರೇಕು ಅಂತ ಕಳೆದ. ಕೆಲಸದಲ್ಲಿ ನಿಧಾನ. ಬೀದಿಯವರೆಲ್ಲ ಆಮೆ ಅನ್ನುತ್ತಾರೆ, ಅವನೂ ಓಗೊಡುತ್ತಾನೆ. "ಇದೊಂದು ಎಂಜಿನ್ ನೀನೇ ಮಾಡು, ನಾನು ಬೆರಳೂ ತಾಗಿಸಲ್ಲ. ಗೆದ್ರೆ ಬರೋ ತಿಂಗಳಿಂದ ಎಂಜಿನ್ ಕೆಲಸ ಪೂರ್ತಿ ನಿಂದು" ಎಂದಿದ್ದೆ. ಅವನ ಮೊದಲ ಎಂಜಿನ್. ಮುಟ್ಟುವ ಮುಂಚೆ ಮೂರು ಸಲ ಕೈ ತೊಳೆದುಕೊಂಡ.

ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವುದು ಟೆನ್ಷನರ್. ಬೆಲ್ಟ್ ಸಡಿಲವಾಗಿ ಒಂದೆರಡು ಹಲ್ಲು ಹಾರಿತೆಂದರೆ ಎಂಜಿನ್ನಿನ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಡಿಕ್ಕಿ ಹೊಡೆದು ಕಥೆ ಮುಗಿಯುತ್ತದೆ. ಈ ಕಾರಿನ ಟೆನ್ಷನರ್ ಎಣ್ಣೆ ತುಂಬಿದ, ಹೆಬ್ಬೆರಳು ಗಾತ್ರದ ಕೊಳವೆ; ಒಳಗಿನ ಕಡ್ಡಿ ತಾನೇ ಹೊರಕ್ಕೆ ತಳ್ಳಿ ಬೆಲ್ಟನ್ನು ಬಿಗಿ ಮಾಡುತ್ತದೆ. ಮತ್ತೆ ಕೂರಿಸುವ ಮುಂಚೆ ಆ ಕಡ್ಡಿಯನ್ನು ಬೆಂಚಿಗೆ ಬಿಗಿದ ವೈಸಿನ ಕಬ್ಬಿಣದ ದವಡೆಯಲ್ಲಿ ಹಿಡಿದು ಒಳಕ್ಕೆ ಒತ್ತಿ, ಹೊರಬಾರದಂತೆ ಮೊಳೆ ಸಿಕ್ಕಿಸಬೇಕು. ಕಾಲು ಸುತ್ತು ತಿರುಗಿಸಿ ನೂರು ಎಣಿಸಬೇಕು, ಮತ್ತೆ ಕಾಲು ಸುತ್ತು, ಮತ್ತೆ ನೂರು. ಈ ನೂರರ ಎಣಿಕೆ ನಾನೇ ಅವನಿಗೆ ಹೇಳಿಕೊಟ್ಟದ್ದು. ಅವನು ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದ. ನಡುವೆ ಮೊಳೆ ಹುಡುಕಲು ಹಿಂದಿನ ಕೋಣೆಗೆ ಹೋದ. ಅವನ ನಿಧಾನ ನೋಡಿ ನೋಡಿ ನನ್ನ ಅಂಗೈ ತುರಿಸುತ್ತಿತ್ತು. ಎದ್ದು ಹೋಗಿ ವೈಸಿನ ಹಿಡಿಕೆಗೆ ಮೂರು ಸುತ್ತು ಕೊಟ್ಟೆ. ಸರಸರನೆ ಮೂರು. ಒಳಗೆ ಟಕ್ ಎಂದಿತು. ಕಡ್ಡಿಯ ಬುಡದಲ್ಲಿ ಎಣ್ಣೆ ಜಿನುಗಿತು. ನಾನು ಅದನ್ನು ಒರೆಸಿ, ಮೂರು ಸುತ್ತು ಹಿಂದಕ್ಕೆ ತಿರುಗಿಸಿ, ಕುರ್ಚಿಗೆ ಬಂದು ಕೂತೆ. ಹಾಲು ಕುಡಿದ ಬೆಕ್ಕು ಕೂಡ ಅಷ್ಟು ಚೆನ್ನಾಗಿ ಕೂರುವುದಿಲ್ಲ.

ಅವನು ಬಂದ. ಎಣಿಸಿದ. ಒತ್ತಿದ.

"ಭಾವ, ಇದು ಮೆತ್ತಗಾಗಿದೆ. ಬೆಣ್ಣೆ ಥರ ಒಳಗೆ ಹೋಗ್ತಿದೆ."

ಹೇಳಬಹುದಾಗಿತ್ತು. ಬದಲಿಗೆ ನನ್ನ ಬಾಯಿಂದ ಬಂದ ಮಾತು: "ಶನಿವಾರ ಬಿಚ್ಚಿದ ಮೇಲೆ ಇದನ್ನ ಬೆಂಚಿನ ಮೇಲೆ ಮಲಗಿಸಿಟ್ಟಿದ್ದಾ?"

"ಹೂಂ ಭಾವ. ಮಲಗಿಸಿಟ್ಟಿದ್ದೆ." ಅವನು ವೈಸಿನ ಹಿಡಿಕೆಯಿಂದ ಕೈ ತೆಗೆದ. "ಮಲಗಿಸಬಾರದಿತ್ತಾ?"

ನಾನು ತಲೆ ಅಲ್ಲಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಿಲ್ಲ. ಅವನು ಅಲ್ಲವೆಂದು ತಿಳಿಯಲಿಲ್ಲ.

ನಿಜವನ್ನು ಇಲ್ಲಿ ಬರೆದಿಡುತ್ತೇನೆ. ಮಲಗಿಸಿಟ್ಟರೆ ಒಳಗೆ ಸ್ವಲ್ಪ ಗಾಳಿ ಸೇರುತ್ತದೆ, ಅಷ್ಟೆ. ನೆಟ್ಟಗೆ ನಿಲ್ಲಿಸಿ ನಾಲ್ಕು ಸಲ ಒತ್ತಿದರೆ ಹೋಗುತ್ತದೆ. ಎಣ್ಣೆಯನ್ನು ತಡೆದಿಡುವ ಸೀಲು ಒಡೆಯುವುದಿಲ್ಲ. ಸೀಲು ಒಡೆದದ್ದು ನನ್ನ ಮೂರು ಸುತ್ತಿನಿಂದ. ನಾಳೆ ಬೆಳಿಗ್ಗೆ ಅವನಿಗೆ ಹೇಳಿಬಿಡುತ್ತೇನೆ.

ಮಾರ್ಚ್ ೫, ಮಂಗಳವಾರ

ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೇ ನರ್ಸಮ್ಮ ಬಂದರು.

"ಏನ್ ಡಾಕ್ಟರೇ, ನನ್ನ ರೋಗಿ ಹೇಗಿದಾಳೆ?"

"ಒಂದು ಪಾರ್ಟಿನ ಆಯಸ್ಸು ಮುಗಿದಿದೆಯಮ್ಮ. ಹಳೇ ಗಾಡಿ ನೋಡಿ."

"ನಂದೂ ಹಳೇ ಗಾಡಿನೇ. ಓಡಾಡ್ತಿಲ್ವಾ?" ಎಂದು ನಕ್ಕು, ಔಷಧಿಯ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟರು. ಎರಡು ಬಸ್ಸು ಬದಲಾಯಿಸಬೇಕಂತೆ. ಬಾಮೈದ ಇನ್ನೊಂದು ಕಾರಿನ ಅಡಿಯಲ್ಲಿದ್ದ. ಹೊರಗೆ ಕಾಣುತ್ತಿದ್ದ ಎರಡು ಪಾದ ಅವರು ಹೋಗುವ ತನಕ ಒಂದಿಷ್ಟೂ ಅಲುಗಲಿಲ್ಲ.

ಯೋಚನೆ ಮಾಡಿದೆ. ಪಾರ್ಟು ಸಿಕ್ಕಿದ ದಿನ ಹೇಳುತ್ತೇನೆ. ಆಗ ಗಾಯದ ಜೊತೆಗೆ ಮುಲಾಮನ್ನೂ ಕೊಟ್ಟ ಹಾಗಾಗುತ್ತದೆ. ಬರೀ ಗಾಯ ಕೊಟ್ಟರೆ ಏನು ಬಂತು?

ಮಾರ್ಚ್ ೭, ಗುರುವಾರ

ಕಂಪನಿಯ ಬಿಡಿಭಾಗದ ಮಳಿಗೆಗೆ ಇಬ್ಬರೂ ಹೋದೆವು. ಗಾಜಿನ ಹಿಂದೆ ಕೂತವನು ಕೀಲಿಮಣೆ ಕುಟ್ಟಿ, "ನಿಂತು ಆರು ವರ್ಷ ಆಯ್ತು" ಎಂದ.

"ಯಾರು, ನೀವಾ?" ಎಂದೆ.

ಅವನು ನಗಲಿಲ್ಲ. ಆ ಟೆನ್ಷನರ್ ತಯಾರಿಸುವುದನ್ನೇ ನಿಲ್ಲಿಸಿದ್ದಾರೆ. ಹಳೆಯ ದಾಸ್ತಾನು ಎಲ್ಲಾದರೂ ಇದೆಯೇ ಎಂದರೆ ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದ. ಸೊನ್ನೆ, ಸೊನ್ನೆ, ಸೊನ್ನೆ. ಸೊನ್ನೆಗಳನ್ನು ಇಷ್ಟು ಚೆನ್ನಾಗಿ ಜೋಡಿಸಿಟ್ಟದ್ದನ್ನು ನಾನು ಎಲ್ಲೂ ನೋಡಿಲ್ಲ. ಬಾಮೈದ ಪರದೆಯ ಕೊನೆಯ ಸಾಲಿನವರೆಗೂ ಬೆರಳಿಟ್ಟು ಓದಿದ. ಬರುವಾಗ ದಾರಿಯುದ್ದಕ್ಕೂ ಒಂದೇ ಮಾತು: "ನಿಲ್ಲಿಸಿಟ್ಟಿದ್ರೆ ಇದೆಲ್ಲ ಇರ್ತಿರಲಿಲ್ಲ."

ಮಾರ್ಚ್ ೮, ಶುಕ್ರವಾರ

ಉಪಾಯ ಹೊಳೆದದ್ದು ಅವನಿಗೆ. ನನಗೆ ಹೊಳೆಯಲಿಲ್ಲ, ಒಪ್ಪಿಕೊಳ್ಳಬೇಕು.

ಈ ಎಂಜಿನ್ನಿಗೆ ಅಣ್ಣನ ಹಾಗೆ ಒಂದು ಹಳೆಯ ಮಾದರಿ ಇತ್ತು. ಅದರ ಟೆನ್ಷನರಿನಲ್ಲಿ ಎಣ್ಣೆಯೂ ಇಲ್ಲ, ಕಡ್ಡಿಯೂ ಇಲ್ಲ. ಬರೀ ಒಂದು ಪುಲ್ಲಿ. ತೂತು ಮಾತ್ರ ನಟ್ಟನಡುವೆ ಇರದೆ ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ಪುಲ್ಲಿಯನ್ನು ತಿರುಗಿಸಿದರೆ ಅದು ಬೆಲ್ಟಿಗೆ ಒತ್ತಿಕೊಳ್ಳುತ್ತದೆ, ನಟ್ಟು ಬಿಗಿದರೆ ಅಲ್ಲೇ ನಿಲ್ಲುತ್ತದೆ. ಎಷ್ಟು ಬಿಗಿ ಎಂದು ಮನುಷ್ಯನ ಕೈಯೇ ಹೇಳಬೇಕು. "ಅದನ್ನೇ ಇದಕ್ಕೆ ಹೊಂದಿಸಿದ್ರೆ ಹೇಗೆ ಭಾವ? ಎರಡರ ಬ್ಲಾಕೂ ಒಂದೇ ಅಲ್ವಾ?" ಎಂದ. ರಟ್ಟಿನ ಮೇಲೆ ಚಿತ್ರ ಬರೆದಿದ್ದ. ಬೇಕಾದದ್ದು ನಾಲ್ಕು: ಎಂಜಿನ್ನಿಗೆ ಕೂರಿಸುವ ಬ್ರಾಕೆಟ್ಟು, ಆ ಪುಲ್ಲಿ, ಅದು ಕೂರುವ ಉದ್ದನೆಯ ಸ್ಟಡ್ಡು, ಎತ್ತರ ಸರಿಮಾಡಲು ಒಂದು ಬುಷ್ಷು. ಸ್ಟಡ್ಡು ಬುಷ್ಷು ಲೇತಿನಲ್ಲಿ ಕಡೆಸಬಹುದು. ಬ್ರಾಕೆಟ್ಟು, ಪುಲ್ಲಿ ಹುಡುಕಲೇಬೇಕು, ಅದೂ ಇಪ್ಪತ್ತು ವರ್ಷದ ಹಿಂದೆ ಸತ್ತ ಎಂಜಿನ್ನಿನದು.

ಒಳ್ಳೆಯ ಮೆಕ್ಯಾನಿಕ್ಕು ಆಗುತ್ತಾನೆ ಇವನು. ಆದಷ್ಟು ಬೇಗ ಹೇಳಬೇಕು.

ಮಾರ್ಚ್ ೧೨, ಮಂಗಳವಾರ

ಗುಜರಿಯಕ್ಕನ ಅಂಗಳ. ಸತ್ತ ಕಾರುಗಳು ಒಂದರ ಮೇಲೊಂದು ಮಲಗಿರುವ ಜಾಗ. ಅಕ್ಕ ತಕ್ಕಡಿಯ ಪಕ್ಕ ಕಾರಿನ ಹಿಂದಿನ ಸೀಟಿನ ಮೇಲೆ ಮಹಾರಾಣಿಯಂತೆ ಕೂತಿದ್ದಳು.

"ಕೈಯಲ್ಲಿ ಬಿಗಿ ಮಾಡೋ ಟೆನ್ಷನರಾ? ಅದೆಲ್ಲ ಕರಗಿ ಬಕೆಟ್ ಹಿಡಿ ಆಗೋಯ್ತು. ನಿಮ್ಮನೆ ಬಚ್ಚಲಲ್ಲೇ ಇರಬಹುದು, ಹೋಗಿ ನೋಡಿ."

ನಾನು ನಕ್ಕೆ. ಬಾಮೈದ ನಗಲಿಲ್ಲ.

"ಏನೋ ಆಮೆ, ಚಿಪ್ಪೊಳಗೆ ಹೋಗಿ ಕೂತ್ಬಿಟ್ಟಿದ್ದೀಯಾ?"

"ತಪ್ಪು ಮಾಡಿದೀನಿ ಅಕ್ಕ."

"ತಪ್ಪು ಮಾಡದೋರು ಯಾರೋ? ಈ ಅಂಗಳದಲ್ಲಿ ಬಿದ್ದಿರೋದೆಲ್ಲ ಯಾರ್ಯಾರದೋ ತಪ್ಪೇ. ತೂಕಕ್ಕೆ ಹಾಕಿ ಮಾರ್ತೀನಿ ನಾನು."

ನಾನು ಒಂದು ಗೇರ್‌ಬಾಕ್ಸನ್ನು ಬಹಳ ಗಮನವಿಟ್ಟು ನೋಡುತ್ತಿದ್ದೆ. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಮಾರ್ಚ್ ೧೩, ಬುಧವಾರ

ಇನ್ನೂ ಮೂರು ಗುಜರಿ. ಇಲ್ಲ, ಇಲ್ಲ, ಇಲ್ಲ.

ಮಾರ್ಚ್ ೧೬, ಶನಿವಾರ

ದೂರದ ಊರಿನ ವ್ಯಾಪಾರಿಯೊಬ್ಬ ಫೋನಿನಲ್ಲಿ ಆಣೆ ಪ್ರಮಾಣ ಮಾಡಿ ಬ್ರಾಕೆಟ್ಟು ಕಳಿಸಿದ್ದ. ಇವತ್ತು ಪಾರ್ಸೆಲ್ ಬಂತು. ಬಾಮೈದ ಕಾಗದವನ್ನು ಹರಿಯದೆ ಬಿಚ್ಚಿದ, ಅದೂ ಅಷ್ಟೇ ನಿಧಾನ. ಬ್ರಾಕೆಟ್ಟನ್ನು ಎಂಜಿನ್ನಿಗೆ ಹಿಡಿದರೆ ಉಲ್ಟಾ. ಬೆಲ್ಟು ಇನ್ನೊಂದು ಪಕ್ಕದಲ್ಲಿರುವ ಯಾವುದೋ ಎಂಜಿನ್ನಿನದು. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿದ ಹಾಗೆ. ಅವನು ಅದನ್ನು ತಿರುಗಿಸಿ, ಮಗುಚಿ, ಮತ್ತೆ ತಿರುಗಿಸಿ ಅರ್ಧ ಗಂಟೆ ಹಿಡಿದ. ತಿರುಗಿಸಿದರೆ ಎಡ ಬಲವಾಗುತ್ತದೆಯೇ?

ನರ್ಸಮ್ಮ ಬಂದು ಸ್ಟೂಲಿನ ಮೇಲೆ ಕೂತು ಚಪ್ಪಲಿ ಬಿಚ್ಚಿದರು. ಪಾದ ಊದಿದೆ. "ಇಬ್ಬರ ಮನೆ ಬಿಟ್ಟುಬಿಟ್ಟೆ. ಅಲ್ಲಿಗೆ ಬಸ್ಸೇ ಹೋಗಲ್ಲ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ಎರಡು ಮೂರು ಸುತ್ತಿಗೆ ಎಷ್ಟು ಜನ ಸುತ್ತಬೇಕಾಯಿತು.

ಮಾರ್ಚ್ ೧೯, ಮಂಗಳವಾರ

ಬೆಳಿಗ್ಗೆ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತ ಶುರುಮಾಡಿದಳು.

"ಏನಂದ್ರಿ ನನ್ನ ತಮ್ಮನಿಗೆ?"

"ಏನೂ ಅಂದಿಲ್ಲ."

"ಏನೂ ಅನ್ನದೇ ಇದ್ರೆ ಯಾರೂ ಇಷ್ಟು ಸೊರಗಲ್ಲ. ಊಟಕ್ಕೆ ಕರೆದ್ರೆ ಹಸಿವಿಲ್ಲ ಅಂತಾನೆ. ನಿನ್ನೆ ಕೂತಲ್ಲೇ ತುಟಿ ಅಲ್ಲಾಡಿಸ್ತಾ ಏನೋ ಎಣಿಸ್ತಿದ್ದ."

"ನಿನ್ನಾಣೆ, ನಾನೊಂದು ಮಾತೂ ಅಂದಿಲ್ಲ ಕಣೇ."

ಇದು ಸುಳ್ಳಲ್ಲ. ಮಲಗಿಸಿಟ್ಟಿದ್ದಾ ಎಂದು ಕೇಳಿದೆ. ಕೇಳುವುದು ಬೇರೆ, ಅನ್ನುವುದು ಬೇರೆ. ಅವನೇ ಮೇಲೆ ಹಾಕಿಕೊಂಡ. ಬೇಡವೆನ್ನುವ ಮುಂಚೆ ಹಾಕಿಕೊಂಡರೆ ನಾನೇನು ಮಾಡಲಿ? ಇಷ್ಟಕ್ಕೂ ಎಂಟು ವರ್ಷ ಓಡಿದ ಟೆನ್ಷನರ್. ಸೀಲು ಮೊದಲೇ ಸವೆದಿರಬೇಕು. ಹೊಸದಾಗಿದ್ದರೆ ಒಂದೆರಡು ಸುತ್ತಿಗೆಲ್ಲ ಬಾಯಿ ಬಿಡುತ್ತಿರಲಿಲ್ಲ.

ಆದರೂ ಹೇಳುತ್ತೇನೆ. ಬ್ರಾಕೆಟ್ಟು ಸಿಗಲಿ.

ಮಾರ್ಚ್ ೨೨, ಶುಕ್ರವಾರ

ಬ್ರಾಕೆಟ್ಟು ಸಿಕ್ಕಿತು. ಸಿಕ್ಕಿದ್ದು ನನಗಲ್ಲ, ಅವನಿಗೆ. ಎರಡು ದಿನ ರಜೆ ಹಾಕಿ ಹೋಗಿದ್ದ, ಜ್ವರ ಇರಬೇಕೆಂದುಕೊಂಡಿದ್ದೆ. ನದಿಯ ಆಚೆಗಿನ ಗುಜರಿಯಲ್ಲಿ, ಅರ್ಧ ಮಣ್ಣಿನೊಳಗೆ ಹೂತಿದ್ದ ಎಂಜಿನ್ನಿನಿಂದ ಒಬ್ಬನೇ ಬಿಚ್ಚಿದ್ದಾನೆ. ಒಂದು ಬೋಲ್ಟಿಗೆ ಇಡೀ ಮಧ್ಯಾಹ್ನ ಹೋಯಿತಂತೆ. ಎಣ್ಣೆ ಬಿಟ್ಟು ಕಾದು, ಎಣ್ಣೆ ಬಿಟ್ಟು ಕಾದು. ನಾನಾಗಿದ್ದರೆ ಸುತ್ತಿಗೆಯಲ್ಲಿ ಹೊಡೆದು ಬ್ರಾಕೆಟ್ಟಿನ ಕಿವಿ ಮುರಿಯುತ್ತಿದ್ದೆ. ಬಲಗೈ ಕಿರುಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ.

"ತಗೊಳ್ಳಿ ಭಾವ" ಎಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಮೂರು ವಾರದಲ್ಲಿ ಮೊದಲ ಸಲ ನನ್ನ ಮುಖ ನೋಡಿದ.

ಹೇಳಲು ಅದು ಸರಿಯಾದ ಹೊತ್ತಾಗಿತ್ತು. "ಸರಿ, ಅಲ್ಲಿಡು" ಎಂದೆ.

ಪುಲ್ಲಿ ಇನ್ನೂ ಸಿಕ್ಕಿಲ್ಲವಲ್ಲ. ಅರ್ಧಕ್ಕೆ ಹೇಳುವುದು ಹೇಗೆ?

ಮಾರ್ಚ್ ೨೫, ಸೋಮವಾರ

ಸ್ಟಡ್ಡು, ಬುಷ್ಷು ಕಡೆಸಲು ಲೇತಜ್ಜನ ಹತ್ತಿರ ಹೋದೆ. ಒಬ್ಬನೇ ಹೋದೆ. ಅಳತೆಗೆ ಬೇಕಾದೀತೆಂದು ಹಳೆಯ ಟೆನ್ಷನರನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಅದೇ ತಪ್ಪಾಯಿತು. ಅಜ್ಜ ಕನ್ನಡಕ ಹಣೆಗೇರಿಸಿ, ಕಡ್ಡಿಯನ್ನು ಹೆಬ್ಬೆರಳಲ್ಲಿ ಒಮ್ಮೆ ಒತ್ತಿದ, ಬುಡ ನೋಡಿದ.

"ಯಾರೋ ಇದನ್ನ ಅವಸರದಲ್ಲಿ ಹಿಸುಕಿದ್ದಾರೆ."

"ಬಾಮೈದ" ಎಂದೆ. "ಹೊಸ ಕೈ ನೋಡಿ ಅಜ್ಜ."

"ಯಾರು, ಆಮೆನಾ?" ಅಜ್ಜನಿಗೆ ನಗು ಬಂದು ಕೆಮ್ಮು ಬಂತು. "ಅವನು ಚಹಾದ ಲೋಟಾನೂ ಅವಸರದಲ್ಲಿ ಎತ್ತಲ್ಲ. ತಣ್ಣಗಾದ ಮೇಲೆ ಕುಡಿಯೋದು ನಾನೇ ನೋಡಿಲ್ವಾ? ಅವನು ಹಿಸುಕಿದ್ನಾ?"

"ಮಲಗಿಸಿಟ್ಟಿದ್ದ. ಅದರಿಂದಲೂ ಇರಬಹುದು."

ಅಜ್ಜ ಕನ್ನಡಕ ಇಳಿಸಿ ಲೇತ್ ಶುರುಮಾಡಿದ. ಎರಡು ಗಂಟೆ ಕಡೆದ. ಕಬ್ಬಿಣದ ಸುರುಳಿ ಬಿಸಿಬಿಸಿಯಾಗಿ ನನ್ನ ಪಾದದ ಹತ್ತಿರ ಬೀಳುತ್ತಿತ್ತು. ಬುಷ್ಷು ಕೊಡುವಾಗ "ನಿಂಗೆ ಎಷ್ಟಪ್ಪ ವಯಸ್ಸೀಗ?" ಎಂದು ಕೇಳಿದ. ಐವತ್ತಾರು ಎಂದೆ. "ಹೂಂ" ಎಂದ, ಅಷ್ಟೆ.

ಅಜ್ಜನಿಗೆ ಕಣ್ಣು ಮೊದಲಿನಷ್ಟು ಚುರುಕಿಲ್ಲ. ಬುಷ್ಷು ಎರಡು ಕೂದಲೆಳೆಯಷ್ಟು ಗಿಡ್ಡ ಬಂದಿದೆ. ವೈಸಿಗೆ ಕಾಲು ಸುತ್ತು ಹೆಚ್ಚು ಕೊಟ್ಟರೆ ಹಿಸುಕಿದ ಹಾಗಾಗುತ್ತದೆಯೇ?

ಮಾರ್ಚ್ ೨೬, ಮಂಗಳವಾರ

ಬುಷ್ಷು ಗಿಡ್ಡವಲ್ಲ. ನಾನು ಅಳೆದದ್ದು ತಪ್ಪು. ಬಾಮೈದ ಅಳೆದು ಹೇಳಿದ.

ಮಾರ್ಚ್ ೨೮, ಗುರುವಾರ

ಪುಲ್ಲಿಯೂ ಸಿಕ್ಕಿತು, ಅದೂ ಅವನಿಗೇ. ಆ ಹಳೆಯ ಎಂಜಿನ್ನನ್ನು ಗೋದಾಮುಗಳಲ್ಲಿ ಪೆಟ್ಟಿಗೆ ಎತ್ತುವ ಗಾಡಿಗೂ ಹಾಕುತ್ತಿದ್ದರೆಂದು ಎಲ್ಲಿಂದಲೋ ತಿಳಿದುಕೊಂಡಿದ್ದಾನೆ. ಊರ ಹೊರಗಿನ ಗೋದಾಮುಗಳ ಬಾಗಿಲು ಒಂದೊಂದಾಗಿ ತಟ್ಟಿದ್ದಾನೆ. ಏಳನೆಯದರಲ್ಲಿ ಮೂಲೆಗೆ ತಳ್ಳಿದ್ದ ಗಾಡಿಯೊಂದಿತ್ತು. ಅವನು ತಂದ ಪುಲ್ಲಿಯ ಬೇರಿಂಗನ್ನು ತಿರುಗಿಸಿ ಕಿವಿಗೆ ಹಿಡಿದೆ. ಸದ್ದೇ ಇಲ್ಲ, ರೇಷ್ಮೆ.

"ಹೇಗೆ ಬಿಟ್ಟುಕೊಟ್ರೋ?"

"ಎಲ್ಲ ಹೇಳಿದೆ. ನನ್ನಿಂದ ಹೀಗಾಗಿದೆ, ಒಬ್ಬರು ನರ್ಸಮ್ಮ ನಡ್ಕೊಂಡು ಓಡಾಡ್ತಿದಾರೆ ಅಂತ. ಅಲ್ಲಿನ ಮೇಲ್ವಿಚಾರಕರು ಒಳ್ಳೆಯವರು. 'ಇಷ್ಟು ನಿಯತ್ತಿರೋನು ನಮ್ಮ ಗೇಟಿಗೆ ಬೇಕಿತ್ತು' ಅಂದ್ರು."

"ಬಾಯಿಮಾತಿಗೆ ಅಂತಾರೆ ಬಿಡು."

"ಹೂಂ" ಎಂದ.

ನಾಲ್ಕೂ ಸಿಕ್ಕ ಹಾಗಾಯಿತು. ಜೋಡಿಸಿ ಎಂಜಿನ್ ಓಡಿದ ಮೇಲೆ ಆರಾಮವಾಗಿ ಕೂತು ಮಾತಾಡಿದರಾಯಿತು. ಈಗ ಕೆಲಸದ ನಡುವೆ ಹಳೆಯದನ್ನು ಕೆದಕುವುದು ಯಾಕೆ?

ಮಾರ್ಚ್ ೩೦, ಶನಿವಾರ

ಜೋಡಿಸಿದೆವು. ಜೋಡಿಸಿದೆ ಅನ್ನಬೇಕು.

"ಬಾ, ನೀನೇ ಕೂರಿಸು" ಎಂದು ಪಾನಾ ಕೊಟ್ಟೆ. ಅವನು ತೆಗೆದುಕೊಳ್ಳಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಬೆಂಚಿನ ಮೇಲೆ ಬಿಸಿ ಏನೋ ಇದ್ದ ಹಾಗೆ.

"ಬೇಡ ಭಾವ. ನೀವು ಮಾಡಿ. ನಾನು ಲೈಟ್ ಹಿಡೀತೀನಿ."

"ಹೆದರ್ಕೊಂಡ್ರೆ ಆಗುತ್ತೇನೋ?"

"ನನ್ನ ಕೈ ಸರಿ ಇಲ್ಲ."

ಬ್ರಾಕೆಟ್ಟು ಕೂರಿಸಿ, ಸ್ಟಡ್ಡು, ಬುಷ್ಷು, ಪುಲ್ಲಿ ಹಾಕಿ, ಬೆಲ್ಟು ಏರಿಸಿದೆ. ಪುಲ್ಲಿಯನ್ನು ತಿರುಗಿಸಿ, ಬೆಲ್ಟನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ತಿರುಚಿದರೆ ಅದು ಕಾಲು ಸುತ್ತು ತಿರುಗಿ ಪಕ್ಕೆಯ ಮೇಲೆ ನಿಲ್ಲಬೇಕು; ಅದಕ್ಕಿಂತ ಹೆಚ್ಚು ತಿರುಗಿದರೆ ಸಡಿಲ, ಅಷ್ಟೂ ತಿರುಗದಿದ್ದರೆ ಅತಿ ಬಿಗಿ. ಮೊದಲ ಸಲ ಶುರುಮಾಡಿದಾಗ ಎಂಜಿನ್ ಸಿಳ್ಳೆ ಹೊಡೆಯಿತು. ಬಿಗಿ ಹೆಚ್ಚಾಗಿತ್ತು. ಅವನು ಲೈಟಿನ ಹಿಂದಿನಿಂದ, "ಒಂದು ಕೂದಲಷ್ಟು ಹಿಂದಕ್ಕೆ ಬಿಡಿ ಭಾವ" ಎಂದ. ಬಿಟ್ಟೆ. ಸಿಳ್ಳೆ ನಿಂತಿತು. ನರ್ಸಮ್ಮ ಹಾರ್ನ್ ಬಾರಿಸುತ್ತ ಹೋದರು. ಬೀದಿಯವರು ಬಂದು ಇಣುಕಿ, ಹೀಗೂ ಮಾಡಬಹುದಾ ಎಂದರು. ತಲೆ ಇದ್ದರೆ ಏನು ಬೇಕಾದರೂ ಮಾಡಬಹುದು ಎಂದೆ.

ಹಳೆಯ ಮಾದರಿಯ ಟೆನ್ಷನರ್ ಹೊಂದಿಸುವ ಉಪಾಯ ನನಗೆ ಆವತ್ತೇ ಹೊಳೆಯದಿದ್ದರೆ ಆ ಕಾರು ಗುಜರಿ ಸೇರುತ್ತಿತ್ತು.

ಏಪ್ರಿಲ್ ೨, ಮಂಗಳವಾರ

ಬಾಮೈದ ಗೋದಾಮಿನ ಗೇಟಿಗೆ ಹೋಗುತ್ತಾನಂತೆ. ಒಳಗೆ ಹೋಗುವ, ಹೊರಗೆ ಬರುವ ಲಾ‌ರಿಗಳ ನಂಬರು ಬರೆಯುವ ಕೆಲಸ. ಬೆಳಿಗ್ಗೆ ಬಂದು ನನ್ನ ಕುರ್ಚಿಯ ಎದುರು ನಿಂತು ಹೇಳಿದ.

"ಎಂಜಿನ್ ಕೆಲಸ ಪೂರ್ತಿ ನಿಂದೇ ಅಂದಿದ್ನಲ್ಲೋ."

"ನನಗೆ ಅದು ಒಗ್ಗಲ್ಲ ಭಾವ. ಹೊಲಿಗೆ ಒಗ್ಗಲಿಲ್ಲ, ಬೇಕರಿ ಒಗ್ಗಲಿಲ್ಲ. ಇದಾದ್ರೂ ಅಂದ್ಕೊಂಡಿದ್ದೆ. ನಂಬರ್ ಬರೆಯೋದಾದ್ರೆ ಯಾರಿಗೂ ತೊಂದರೆ ಇಲ್ಲ."

ಬಾಗಿಲ ತನಕ ಹೋಗಿ, ಹಿಂದಿರುಗಿ ಕೇಳಿದ: "ಒಂದೇ ಒಂದು ಮಾತು. ಅವತ್ತು ನಾನು ನೂರು ಎಣಿಸಿದ್ದೆ. ಪ್ರತಿ ಸಲಾನೂ ಎಣಿಸಿದ್ದೆ. ಎಷ್ಟೋ ಸಲ ನೆನಪು ಮಾಡ್ಕೊಂಡೆ. ಮೊಳೆ ತರಕ್ಕೆ ಹೋದಾಗ ಅದು ಗಟ್ಟಿಯಾಗಿತ್ತು. ಬಂದು ನೋಡಿದ್ರೆ ಮೆತ್ತಗೆ. ಮಲಗಿಸಿಟ್ಟಿದ್ದಕ್ಕೆ ಹಾಗಾಗುತ್ತಾ ಭಾವ? ನಡುವಲ್ಲಿ?"

ನಾನು ಬೆಂಚಿನ ಮೇಲಿದ್ದ ಪಾನಾ ಎತ್ತಿ ಒರೆಸತೊಡಗಿದೆ.

"ಆಗುತ್ತೆ" ಎಂದೆ. "ಎಣಿಕೇನೂ ತಪ್ಪಿರಬಹುದು. ಮನುಷ್ಯರಲ್ವಾ? ಮನಸ್ಸಿಗೆ ಹಚ್ಕೋಬೇಡ."

"ಸರಿ ಭಾವ" ಎಂದ. ಅಷ್ಟು ಹೇಳಿದ್ದಕ್ಕೆ ಅವನಿಗೆ ಒಂಥರಾ ಸಮಾಧಾನವಾದ ಹಾಗಿತ್ತು.

ನನಗೂ ಅವತ್ತಿನದು ಪೂರ್ತಿ ನೆನಪಿಲ್ಲ. ನಾನು ವೈಸಿನ ಹತ್ತಿರ ಹೋದದ್ದು ಅವನು ಬರುವ ಮುಂಚೆಯೋ ಬಂದ ಮೇಲೋ. ಅವನು ಬಂದ ಮೇಲೆಯೇ ಇರಬೇಕು.

ಏಪ್ರಿಲ್ ೩, ಬುಧವಾರ

ಹೆಂಡತಿ ಮಾತಾಡುತ್ತಿಲ್ಲ. "ನೀವೊಂದು ಮಾತು ಹೇಳಿದ್ರೆ ಅವನು ನಿಲ್ತಿದ್ದ" ಎಂದಳು, ಆಮೇಲೆ ಇಲ್ಲ. ಯಾವ ಮಾತು? ಬೈದೆನೇ? ಹೊರಹಾಕಿದೆನೇ? ಹನ್ನೊಂದು ವರ್ಷ ಕೈಹಿಡಿದು ಕಲಿಸಿದವನಿಗೆ ಕೊನೆಗೆ ಸಿಗುವುದು ಇದೇ.

ಏಪ್ರಿಲ್ ೮, ಸೋಮವಾರ

ಅವನಿಲ್ಲದ ಮೊದಲ ದಿನ. ಕೆಲಸದ ಅಂಗಿಯನ್ನು ಒಗೆದು, ಇಸ್ತ್ರಿ ಹಾಕಿ, ಮಡಿಸಿ ಬೆಂಚಿನ ಮೇಲೆ ಇಟ್ಟುಹೋಗಿದ್ದಾನೆ. ಎಣ್ಣೆಯ ಕಲೆ ಹೋಗುವಷ್ಟು ತಿಕ್ಕಿದ್ದಾನೆ, ಬಟ್ಟೆ ತೆಳ್ಳಗಾಗಿದೆ. ಪಾನಾಗಳನ್ನು ಅಳತೆಯ ಪ್ರಕಾರ ಜೋಡಿಸಿದ್ದಾನೆ.

ಎರಡು ಬ್ರೇಕ್ ಕೆಲಸ ಬಂತು. ಮೊಣಕಾಲು ಬಗ್ಗುವುದಿಲ್ಲ. ಒಂದನ್ನು ವಾಪಸ್ ಕಳಿಸಿದೆ.

ಏಪ್ರಿಲ್ ೨೦, ಶನಿವಾರ

ನರ್ಸಮ್ಮ ಆಯಿಲ್ ನೋಡಿಸಲು ಬಂದಿದ್ದರು. ಬೆಲ್ಟನ್ನು ತಿರುಚಿ ನೋಡಿದೆ. ಬಿಟ್ಟ ಬಿಗಿ ಬಿಟ್ಟ ಹಾಗೇ ಇದೆ. ಬಸ್ಸು ಹೋಗದ ಆ ಎರಡು ಮನೆಗಳಲ್ಲಿ ಒಂದಕ್ಕೆ ಮತ್ತೆ ಹೋಗುತ್ತಿದ್ದಾರಂತೆ. ಇನ್ನೊಂದಕ್ಕೆ ಈಗ ಹೋಗುವ ಅಗತ್ಯವಿಲ್ಲ, ಅಲ್ಲಿನ ಮುದುಕ ತೀರಿಕೊಂಡ ಎಂದರು.

ಹೊರಡುವ ಮುಂಚೆ ಕಿಟಕಿ ಇಳಿಸಿ ಹೇಳಿದರು: "ನಿಮ್ಮ ಬಾಮೈದ ಮನೆಗೆ ಬಂದಿದ್ರು, ಗೊತ್ತಾ? ಗೇಟಿನ ಕೆಲಸಕ್ಕೆ ಸೇರೋ ಹಿಂದಿನ ದಿನ. ಒಳಗೆ ಬನ್ನಿ ಅಂದ್ರೂ ಬರಲಿಲ್ಲ. ಬಾಗಿಲಲ್ಲೇ ನಿಂತು, 'ಆ ಪಾರ್ಟು ಆಯಸ್ಸು ಮುಗಿದು ಹೋದದ್ದಲ್ಲಮ್ಮ, ನಾನು ಕೆಡಿಸಿದ್ದು. ಭಾವ ನನ್ನ ಮರ್ಯಾದೆ ಉಳಿಸೋಕೆ ನಿಮ್ಮ ಹತ್ರ ಹಾಗೆ ಹೇಳಿದ್ರು. ಅವರ ಮೇಲೆ ಬೇಜಾರು ಮಾಡ್ಕೋಬೇಡಿ' ಅಂದ್ರು. ನನಗೆ ಕಣ್ಣಲ್ಲಿ ನೀರು ಬಂತಪ್ಪ. ಎಂಥ ಮನುಷ್ಯರು ನೀವಿಬ್ಬರೂ!"

"ಅವನು ಮೊದಲಿಂದಲೂ ಹಾಗೇ" ಎಂದೆ.

ಅವರು ಹೋದ ಮೇಲೆ ಬಹಳ ಹೊತ್ತು ಅದನ್ನೇ ಯೋಚಿಸುತ್ತ ಕೂತಿದ್ದೆ. ಟೆನ್ಷನರನ್ನು ಮಲಗಿಸಿಟ್ಟರೆ ಸೀಲು ಹೋಗುತ್ತದೆ, ಇದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಅವನಿಗೆ ಗೊತ್ತಿರಲಿಲ್ಲ, ಕೆಡಿಸಿದ. ತಪ್ಪು ಯಾರು ಬೇಕಾದರೂ ಮಾಡುತ್ತಾರೆ. ಆದರೆ ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಂತು, ನಾನೇ ಮಾಡಿದೆ ಎಂದು ಬಾಯಿಬಿಟ್ಟು ಹೇಳುವುದಿದೆಯಲ್ಲ, ಅದಕ್ಕೆ ಎದೆ ಬೇಕು. ನನ್ನ ಕೈಕೆಳಗೆ ಹನ್ನೊಂದು ವರ್ಷ ಇದ್ದದ್ದು ಸುಮ್ಮನೆ ಹೋಗಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.